ಸ್ಟೆಂಟ್ ಹಾಕಿಸಿದ ಮೇಲೆ ಮಾತ್ರೆ ಬಿಡಬಹುದಾ ಡಾಕ್ಟ್ರೇ?

ಪ್ರಶ್ನೆ: ನನಗೆ 58 ವರ್ಷ. ಹಾರ್ಟ್ ಅಟ್ಯಾಕ್ ಆಗಿ ಆಂಜಿಯೋಪ್ಲಾಸ್ಟಿ ಮಾಡಿದರು, ಒಂದು ಸ್ಟೆಂಟ್ ಇದೆ. ನಾಲ್ಕು ತಿಂಗಳಾಯಿತು, ಆರಾಮಾಗಿದ್ದೇನೆ. ಈಗ ಹಲ್ಲು ಕೀಳಿಸಬೇಕು. ರಕ್ತ ತೆಳು ಮಾಡುವ ಮಾತ್ರೆ ಒಂದು ವಾರ ನಿಲ್ಲಿಸಲಾ? ಹೇಗೂ ಬ್ಲಾಕ್ ಹೋಯಿತಲ್ಲ, ಪೂರ್ತಿ ಬಿಟ್ಟರೂ ನಡೆಯುತ್ತದಾ?

ಉತ್ತರ: ಎರಡೂ ಬೇಡ. ಈ ಪ್ರಶ್ನೆಯನ್ನು ಹೆಚ್ಚಿನವರು ಮಾತ್ರೆ ನಿಲ್ಲಿಸಿ ಆದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದಿರಲ್ಲ, ಅಷ್ಟಾದರೂ ಸಮಾಧಾನ.

ಬ್ಲಾಕ್ ಎಲ್ಲೂ ಹೋಗಿಲ್ಲ. ಆಂಜಿಯೋಪ್ಲಾಸ್ಟಿಯಲ್ಲಿ ಬಳಸಿದ ಬಲೂನು ಅದನ್ನು ರಕ್ತನಾಳದ ಗೋಡೆಗೆ ಒತ್ತಿದೆ, ಸ್ಟೆಂಟ್ ಅಲ್ಲೇ ತಡೆದು ಹಿಡಿದಿದೆ. ಸ್ಟೆಂಟ್ ಅಂದರೆ ಲೋಹದ ಜಾಲರಿ. ರಕ್ತಕ್ಕೆ ಅದು ಹೊರಗಿನ ವಸ್ತು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಹೋಗಿ ಅಂಟಿಕೊಳ್ಳಲು ನೋಡುತ್ತವೆ. ನಿಧಾನವಾಗಿ ಜಾಲರಿಯ ಮೇಲೆ ತೆಳು ಪದರ ಬೆಳೆದರೆ ಅಪಾಯ ತಗ್ಗುತ್ತದೆ. ಆದರೆ ಈಗಿನ ಸ್ಟೆಂಟ್‌ಗಳಿಗೆ, ನಾಳ ಮತ್ತೆ ಕಿರಿದಾಗದಿರಲಿ ಅಂತ, ಔಷಧ ಲೇಪಿಸಿರುತ್ತಾರೆ. ಅದರಿಂದ ಈ ಪದರ ಬೆಳೆಯುವುದೂ ತಡ. ಅಲ್ಲಿಯವರೆಗೆ ಕಾವಲಿಗೆ ಇರುವುದು ಆಸ್ಪಿರಿನ್, ಅದರ ಜೊತೆ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ 12 ತಿಂಗಳು ಜೋಡಿ ಮಾತ್ರೆ, ಆಮೇಲೆ ಒಂದು. ರಕ್ತಸ್ರಾವದ ಭಯ ಇರುವವರಿಗೆ ಅವಧಿ ಕಡಿಮೆ ಮಾಡುವುದುಂಟು. ಆ ಲೆಕ್ಕ ನಿಮ್ಮ ಹೃದ್ರೋಗ ತಜ್ಞರದು, ಪಕ್ಕದ ಮನೆಯವರದಲ್ಲ.

ಬಿಟ್ಟರೆ? ಹಳೆ ಬ್ಲಾಕ್ ಬೆಳೆಯಲು ವರ್ಷಗಳೇ ಹಿಡಿದವು. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಲು ಅಷ್ಟು ಕಾಲ ಬೇಡ. ನಾಳ ಒಮ್ಮೆಲೇ ಮುಚ್ಚಿ, ಮತ್ತೊಂದು ದೊಡ್ಡ ಅಟ್ಯಾಕ್ ಆಗಬಹುದು.

ಇನ್ನು ಹಲ್ಲು. ಮಾತ್ರೆ ನಿಲ್ಲಿಸದೆ ಕೀಳಿಸಿದರೆ ಸ್ವಲ್ಪ ಜಾಸ್ತಿ ಹೊತ್ತು ರಕ್ತ ಜಿನುಗಬಹುದು. ಬಟ್ಟೆ ಕಚ್ಚಿ ಹಿಡಿದರೆ, ಬೇಕಾದರೆ ಒಂದು ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಒಸಡಿನ ರಕ್ತ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಹೆದರುತ್ತೀರಿ. ದಂತವೈದ್ಯರು ಮಾತ್ರೆ ನಿಲ್ಲಿಸಿ ಅಂದರೆ, ಅವರಿಂದಲೇ ನಿಮ್ಮ ಹೃದ್ರೋಗ ತಜ್ಞರಿಗೆ ಫೋನ್ ಮಾಡಿಸಿ. ನನ್ನನ್ನು ಕೇಳಿದರೆ ಮೊದಲ ವರ್ಷ ತುರ್ತಿಲ್ಲದ ಯಾವ ಆಪರೇಷನ್ನೂ ಬೇಡ. ಮೈಮೇಲೆ ನೀಲಿ ಕಲೆ ಕಂಡರೆ ಗಾಬರಿಯಾಗಬೇಡಿ. ಆದರೆ ಮಲ ಡಾಂಬರಿನ ಹಾಗೆ ಕಪ್ಪಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದಂತೆ?

ಉತ್ತರ: ವಾಟ್ಸಾಪ್‌ನಲ್ಲಿ ಕರಗುತ್ತದೆ. ಬೆಳ್ಳುಳ್ಳಿ ಸಾರಿಗೆ ಹಾಕಿ. ಡ್ರಿಪ್ ಕೊಟ್ಟು ಬ್ಲಾಕ್ ತೊಳೆಯುತ್ತೇವೆ ಅನ್ನುವ ಕೀಲೇಷನ್ ಅಂಗಡಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಏರು ಹತ್ತಿದಾಗ ಮಾತ್ರ ಎದೆನೋವು, ಮಾತ್ರೆಗೆ ಹತೋಟಿಯಲ್ಲಿದೆ. ಆದರೂ ಸ್ಟೆಂಟ್ ಹಾಕಿಸಿಬಿಟ್ಟರೆ ಆಯುಸ್ಸು ಜಾಸ್ತಿ ಅಲ್ವಾ?

ಉತ್ತರ: ಹಾಗೇನಿಲ್ಲ. 5,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ ಇಂಥವರ ಸಾವಿನ ಪ್ರಮಾಣ ಸ್ಟೆಂಟ್ ಅಥವಾ ಬೈಪಾಸ್‌ನಿಂದ ಇಳಿಯಲಿಲ್ಲ. ನೋವು ಕಡಿಮೆಯಾಯಿತು, ಅಷ್ಟೇ. ಹೃದಯದ ಎಡಗಡೆಯ ಮುಖ್ಯ ರಕ್ತನಾಳದಲ್ಲಿ ಬ್ಲಾಕ್ ಇದ್ದರೆ ಮಾತು ಬೇರೆ.

ಪ್ರಶ್ನೆ: ಮೊಮ್ಮಗಳನ್ನು ಎತ್ತಿಕೊಂಡರೆ ಸ್ಟೆಂಟ್ ಜರುಗುತ್ತದಾ?

ಉತ್ತರ: ಇಲ್ಲ.