ಲಿಂಕ್ ಇದೆ, ಕ್ಯಾಮೆರಾ ಇಲ್ಲ: ಪಿವಿಐಡಿ ನೋಡಿ

ಚಿತ್ರದುರ್ಗದ ಆಫೀಸಿಂದ ಹೊಳಲ್ಕೆರೆ ರಸ್ತೆಯ ಗೋದಾಮಿಗೆ ಫೈಬರ್ ಲಿಂಕ್ ಬಂದರೂ ವಿಲ್ಯಾನ್ 20ರ ಕ್ಯಾಮೆರಾ ಕಾಣುತ್ತಿಲ್ಲ ಅಂದಿದ್ದೀರಿ, ಅಲ್ವಾ? ವಿಲ್ಯಾನ್ ಅಂದರೆ ಒಂದೇ ನೆಟ್‌ವರ್ಕಿನೊಳಗೆ ಸಂಖ್ಯೆ ಕೊಟ್ಟು ಬೇರ್ಪಡಿಸಿದ ಭಾಗ. ಲಿಂಕ್ ದೀಪ ವಿಲ್ಯಾನ್ ಬಗ್ಗೆ ಏನೂ ಹೇಳುವುದಿಲ್ಲ.

ಸಾಮಾನ್ಯವಾಗಿ ಕ್ಯಾಮೆರಾ ತಾನು ಕಳಿಸುವ ಫ್ರೇಮಿಗೆ (ಡೇಟಾದ ತುಣುಕಿಗೆ) ಟ್ಯಾಗ್, ಅಂದರೆ ವಿಲ್ಯಾನ್ ಸಂಖ್ಯೆಯ ಗುರುತು, ಹಾಕಿ ಕಳಿಸುವುದಿಲ್ಲ. ಹಾಗಾಗಿ ಗೋದಾಮಿನ ಕನ್ವರ್ಟರಿನ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ತಾಮ್ರದ ಪೋರ್ಟನ್ನು ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ (ಟ್ಯಾಗ್ ಇಲ್ಲದೆ ಕಳಿಸುವಂತೆ) ಮಾಡಿ. ಅದರ ಪಿವಿಐಡಿಯನ್ನೂ, ಅಂದರೆ ಟ್ಯಾಗ್ ಇಲ್ಲದೆ ಒಳಬರುವ ಫ್ರೇಮನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕೆಂಬ ಸಂಖ್ಯೆಯನ್ನೂ, 20 ಮಾಡಿ. ಜಾಸ್ತಿ ಜನ ಮರೆಯುವುದು ಇದನ್ನೇ. ಪಿವಿಐಡಿ 1ರಲ್ಲೇ ಉಳಿದರೆ ಕ್ಯಾಮೆರಾಗೆ ಹೋಗುವ ಫ್ರೇಮ್ ಹೋಗುತ್ತದೆ, ಅಲ್ಲಿಂದ ಬರುವುದು ಮಾತ್ರ ವಿಲ್ಯಾನ್ 1ಕ್ಕೆ ಸೇರಿಬಿಡುತ್ತದೆ. ಎರಡೂ ಕಡೆಯ ಫೈಬರ್ ಪೋರ್ಟ್, ಆಫೀಸಿನ ಸ್ವಿಚ್‌ಗೆ ಹೋಗುವ ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್ ಸಾಗಿಸುವ ಪೋರ್ಟ್) ವಿಲ್ಯಾನ್ 20ಕ್ಕೆ ಟ್ಯಾಗ್ಡ್ ಇರಲಿ.

ಒಂದು ಎಚ್ಚರಿಕೆ. ಫೈಬರ್ ಪೋರ್ಟಿಂದ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಕನ್ವರ್ಟರಿನ ಸೆಟ್ಟಿಂಗ್ ದೂರದಿಂದ ಬದಲಿಸಲು ಬಳಸುವುದು) ಮಾತ್ರ ತೆಗೆಯಬೇಡಿ. ತೆಗೆದರೆ ಆ ತುದಿಯ ಕನ್ವರ್ಟರ್ ಕೈಗೆ ಸಿಗುವುದಿಲ್ಲ, ಸುಮ್ನೆ ಗೋದಾಮಿಗೆ ಓಡಬೇಕು.