ನೈಜೀರಿಯಾದಲ್ಲಿ ಅಷ್ಟೊಂದು ತೈಲ ಇದ್ದರೂ ರಾಜಕೀಯ ಯಾಕೆ ಇಷ್ಟು ಅಸ್ಥಿರ?

ತೈಲದ ದುಡ್ಡು ಜನರನ್ನು ಮುಟ್ಟದೆ ನೇರ ಸರ್ಕಾರದ ಕೈಗೆ ಹೋಗುತ್ತದೆ. ಮುಖ್ಯ ಕಾರಣ ಇದೇ.

ತೆರಿಗೆ ಕಟ್ಟುವ ಜನ ಲೆಕ್ಕ ಕೇಳುತ್ತಾರೆ, ಅಲ್ವಾ? ತೈಲ ಕಂಪನಿಗಳಿಂದ ರಾಯಧನ, ಅಂದರೆ ತೈಲ ತೆಗೆದಿದ್ದಕ್ಕೆ ಕೊಡುವ ಪಾಲು, ಬರುತ್ತಿದ್ದರೆ ಸರ್ಕಾರಕ್ಕೆ ಜನರ ಹಂಗೇ ಇರುವುದಿಲ್ಲ. ಕುರ್ಚಿ ಸಿಕ್ಕರೆ ಖಜಾನೆಯ ಬೀಗದ ಕೈ ಸಿಕ್ಕಂತೆ. ಹಾಗಾಗಿ ಕುರ್ಚಿಗೆ ಕಿತ್ತಾಟ ಜಾಸ್ತಿ. 1966ರಿಂದ 1999ರವರೆಗೆ, 1979–83ರ ಅವಧಿ ಬಿಟ್ಟರೆ, ಅಲ್ಲಿ ಹೆಚ್ಚುಕಮ್ಮಿ ಸೇನೆಯದೇ ಆಳ್ವಿಕೆ. ಜನಾಂಗಗಳ ನಡುವಿನ ಹಳೆಯ ಅಪನಂಬಿಕೆಯೂ ಇತ್ತು. ತೈಲ ಅದನ್ನು ಇನ್ನಷ್ಟು ಕೆರಳಿಸಿತು.

1956ರಲ್ಲಿ ತೈಲ ಸಿಕ್ಕಿದ್ದು ನೈಜರ್ ನದಿ ಸಮುದ್ರ ಸೇರುವ ಸೀಮೆಯ ಒಲೊಯಿಬಿರಿಯಲ್ಲಿ. ಆ ಸೀಮೆಯವರ ಪಾಲಿಗೆ ಉಳಿದದ್ದು ಎಣ್ಣೆ ಸೋರಿ ಕೆಟ್ಟ ಹೊಳೆ, ಹೊಲ. ಇದನ್ನು ಪ್ರತಿಭಟಿಸಿದ ಲೇಖಕ ಕೆನ್ ಸಾರೊ-ವಿವಾರನ್ನು ಸೇನಾ ಸರ್ಕಾರ 1995ರಲ್ಲಿ ಗಲ್ಲಿಗೇರಿಸಿತು. ಆಮೇಲೆ ಅಲ್ಲಿನ ಹುಡುಗರು ಬಂದೂಕು ಹಿಡಿದು ಪೈಪ್‌ಲೈನ್ ಒಡೆಯತೊಡಗಿದರು. 2009ರಲ್ಲಿ ಸರ್ಕಾರ ಅವರಿಗೆ ಕ್ಷಮಾದಾನದ ಜೊತೆ ತಿಂಗಳ ಭತ್ಯೆಯನ್ನೂ ಕೊಟ್ಟಿತು. ನನ್ನ ಪ್ರಕಾರ ಅದು ರಾಜಿ ಅಷ್ಟೇ, ಪರಿಹಾರವಲ್ಲ.

ಹಾಗಂತ ಸುಮ್ನೆ ತೈಲವನ್ನೇ ದೂರುವಂತಿಲ್ಲ. ಬೋಟ್ಸ್ವಾನಾದಲ್ಲಿ 1967ರಲ್ಲಿ ವಜ್ರ ಸಿಕ್ಕಿತು. ಅಲ್ಲಿ ಆ ದುಡ್ಡು ಶಾಲೆ, ರಸ್ತೆಗಳಿಗೆ ಹೋಯಿತು. ಚುನಾವಣೆಗಳೂ ತಪ್ಪದೆ ನಡೆದವು.