ಸೈಟ್ ಕೆಲಸ: ಬಿಡಲೋ, ಇರಲೋ?

ರಾಣೆಬೆನ್ನೂರು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಸಿವಿಲ್ ಡಿಪ್ಲೊಮಾ ಮುಗಿಸಿ ದೊಡ್ಡ ನಿರ್ಮಾಣ ಕಂಪನಿಯೊಂದನ್ನು ಸೇರಿ ಅವರಿಗೆ ಮೂರೂವರೆ ವರ್ಷ. ಈಗ ಮೇಲ್ಸೇತುವೆ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್. ಸಂಬಳ ತಪ್ಪದೆ ಬರುತ್ತೆ, ಪಿಎಫ್, ವಿಮೆ ಎಲ್ಲಾ ಇದೆ. ಆದರೆ ದಿನಕ್ಕೆ ಹನ್ನೆರಡು ಗಂಟೆ ದುಡಿತ, ಭಾನುವಾರವೂ ಬಿಡುವಿಲ್ಲ. ಮುಂದಿನ ಪ್ರಾಜೆಕ್ಟ್ ಯಾವ ರಾಜ್ಯದಲ್ಲೋ ಗೊತ್ತಿಲ್ಲ. "ಊರಿಗೆ ಬಾ, ಮನೆ ಕಟ್ಟಿಸುವ ಗುತ್ತಿಗೆ ಹಿಡಿ" ಅಂತಾರಂತೆ ಅಪ್ಪ. ಈಗ ಬಿಟ್ಟರೆ ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗುತ್ತಾ ಅಂತಲೂ ಕೇಳಿದ್ದಾರೆ. ಕೊನೆಗೆ ಇನ್ನೊಂದು ಸಾಲು: "ಗುತ್ತಿಗೆದಾರ ಕೂಲಿಯವರಿಗೆ ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಅವರ ಮುಖ ನೋಡೋಕಾಗ್ತಿಲ್ಲ."

ಗೆಳೆಯರೇ, ಈ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅದನ್ನು ಮುಖ್ಯ ಕಂಪನಿಯೇ ಕೊಟ್ಟು, ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. ಕಾನೂನು ಹಾಗೇ ಇದೆ. ಆ ಕೂಲಿಯವರ ಹಾಜರಿ ಪುಸ್ತಕ ನಿಮ್ಮ ಕಣ್ಣಿಗೆ ಬೀಳುತ್ತೆ ಅಲ್ವಾ? ಎಷ್ಟು ಜನ, ಎಷ್ಟು ದಿನ ಅಂತ ಬರೆದು ಪ್ರಾಜೆಕ್ಟ್ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಮೇಲ್ ಮಾಡಿ. ಬಾಯಿಮಾತಲ್ಲಿ ಹೇಳಿದ್ದು ಸಂಜೆಯೊಳಗೆ ಮರೆತುಹೋಗುತ್ತೆ. ಹಾಗೇ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬಹುದು. ಅದಕ್ಕೆ ಬೇಕಾದ ಕೆಲಸದ ದೃಢೀಕರಣ ಪತ್ರ ಸಿಗದೆ ಎಷ್ಟೋ ಜನ ಹಾಗೇ ಉಳಿದುಬಿಡುತ್ತಾರೆ. ಅದನ್ನು ಕೊಡಿಸಲು ನೀವು ಓಡಾಡಬಹುದು.

ದೊಡ್ಡ ಕಂಪನಿಯ ನಿಜವಾದ ಲಾಭ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಅಲ್ಲಿ ನಿಯಮ ಕಾಗದದ ಮೇಲಿರುತ್ತೆ. ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟ್ ಲಾರಿ ಬಂತು ಅಂದುಕೊಳ್ಳಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮಾಲು ಗಟ್ಟಿಯಾಗಿದೆ. "ಸ್ವಲ್ಪ ನೀರು ಬಿಡಿ ಸಾರ್" ಅಂತಾನೆ ಮೇಸ್ತ್ರಿ. ನೀರು ಜಾಸ್ತಿಯಾದರೆ ಕಾಂಕ್ರೀಟಿನ ಬಲ ಇಳಿಯುತ್ತೆ. ನೀವು ಸ್ಲಂಪ್ (ಮಾಲು ಎಷ್ಟು ಗಟ್ಟಿ, ಎಷ್ಟು ತೆಳು ಅನ್ನುವ ಅಳತೆ) ನೋಡಿ, ಹೊಂದದಿದ್ದರೆ ಲಾರಿಯನ್ನು ವಾಪಸ್ ಕಳಿಸುತ್ತೀರಿ. ಬಲ ಪರೀಕ್ಷಿಸಲು ಅದೇ ಕಾಂಕ್ರೀಟಿನ 150 ಮಿ.ಮೀ. ಕ್ಯೂಬ್ ಹಾಕಿಸಿ, 7ನೇ ದಿನ, 28ನೇ ದಿನ ಒಡೆಸಿ ನೋಡುತ್ತೀರಿ. ಬೇಡ ಅನ್ನುವಾಗ ನಿಮ್ಮ ಬೆನ್ನಿಗೆ ಒಂದು ಕಾಗದ ಇರುತ್ತೆ. ಊರಲ್ಲಿ ಮನೆ ಕಟ್ಟಿಸುವಾಗ ಮಾಲೀಕರು, ಮೇಸ್ತ್ರಿ ಇಬ್ಬರೂ ಒಟ್ಟಿಗೆ "ಇರ್ಲಿ ಬಿಡ್ರಿ" ಅಂದರೆ ಒಬ್ಬರೇ ನಿಂತು ಹೇಳಬೇಕು. ಆ ಗಟ್ಟಿತನ ಮೊದಲು ಬರಲಿ.

ಆದರೆ ಇನ್ನೊಂದು ಕೊರತೆ ಇದೆ, ಅದನ್ನು ನೀವು ಬರೆದಿಲ್ಲ. ಮೂರೂವರೆ ವರ್ಷ ಬರೀ ಕಂಬ, ಪಿಯರ್ ಕ್ಯಾಪ್ (ಸೇತುವೆ ಕಂಬದ ತಲೆಭಾಗ) ನೋಡಿದವರಿಗೆ ಬಿಲ್ಲಿಂಗ್, ಅಂದರೆ ಆದ ಕೆಲಸ ಅಳೆದು ಬಿಲ್ ಮಾಡೋದು, ಗೊತ್ತಿರಲ್ಲ, ದರ ಹಾಕೋದು ಗೊತ್ತಿರಲ್ಲ. ಸ್ವಂತ ಗುತ್ತಿಗೆಗೆ ಇಳಿದವರು ಮುಗ್ಗರಿಸುವುದು ಅಲ್ಲೇ. ಪ್ಲಾನಿಂಗ್ ಅಥವಾ ಬಿಲ್ಲಿಂಗ್ ವಿಭಾಗಕ್ಕೆ ಹಾಕಿ ಅಂತ ಕೇಳಿ.

ಗ್ರಾಚ್ಯುಯಿಟಿ ಬಗ್ಗೆ ಕೇಳಿದ್ದೀರಿ. ನಿಮ್ಮಂಥ ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ತಿಂಗಳಿಗೆ ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ದರೆ ವರ್ಷಕ್ಕೆ 15,000ದಂತೆ ಐದು ವರ್ಷಕ್ಕೆ 75,000 ರೂಪಾಯಿ. ಒಳ್ಳೆಯ ದುಡ್ಡೇ. ಆದರೆ ಬರೀ ಅದಕ್ಕೋಸ್ಕರ ಒಂದೂವರೆ ವರ್ಷ ಆರೋಗ್ಯ ಕೆಡಿಸಿಕೊಳ್ಳಬೇಡಿ.

ನನ್ನ ಮಾತು ಇಷ್ಟು: ಬಿಲ್ಲಿಂಗ್‌ಗೆ ಹಾಕಿದರೆ ಇರಿ, ಐದು ವರ್ಷ ತುಂಬಿಸಿ. ವಾರದ ರಜೆಯನ್ನೂ ಬರವಣಿಗೆಯಲ್ಲೇ ಕೇಳಿ. ಆರು ತಿಂಗಳಾದರೂ ಎರಡಕ್ಕೂ ಉತ್ತರ ಬರದಿದ್ದರೆ ಬೇರೆ ಕಂಪನಿ ನೋಡಿ. ಊರಿನ ಗುತ್ತಿಗೆ ಆಮೇಲೆ. ಅಪ್ಪನಿಗೆ ಈ ಲೆಕ್ಕವನ್ನೆಲ್ಲ ಕೂತು ವಿವರಿಸಿ, ಅವರು ಒಪ್ಪುತ್ತಾರೆ. ಕೂಲಿಯವರ ಮೇಲ್ ಮಾತ್ರ ಇವತ್ತೇ ಕಳಿಸಿ.

- ಸಂಪಾದಕ